‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’

ಸರ್ಕಾರಿ ರಾಜ್ಯಪತ್ರವನ್ನು ಓದುವ ಅಭ್ಯಾಸ ಇದ್ದವರಿಗೆ ಎರಡು ಕ್ರಿಯಾಪದಗಳು ಚೆನ್ನಾಗಿ ಪರಿಚಿತ. ಒಂದು ‘ಮಾಡಬಹುದು’, ಇನ್ನೊಂದು ‘ಮಾಡತಕ್ಕದ್ದು’. ಎರಡನೆಯದು ಕಚೇರಿ, ಕೋರ್ಟುಗಳ ಹೊರಗೆ ಯಾರ ಬಾಯಲ್ಲೂ ಕೇಳಿಬರದ ಮಾತು. ಮಗನನ್ನು ಅಂಗಡಿಗೆ ಕಳಿಸುವ ತಾಯಿ ‘ನೀನು ಸಕ್ಕರೆ ತರತಕ್ಕದ್ದು’ ಎನ್ನುವುದಿಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ಈ ಎರಡು ಪದಗಳಿಗೂ ಅಜಗಜಾಂತರ. ‘ದಿಕ್ಕಿಲ್ಲದ ವೃದ್ಧರಿಗೆ ಸರ್ಕಾರವು ನೆರವು ನೀಡಬಹುದು’ ಎಂದು ಬರೆದಿದ್ದರೆ ಅದು ದಾನ. ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳುವಂತಿಲ್ಲ. ‘ನೀಡತಕ್ಕದ್ದು’ ಎಂದು ಬರೆದಿದ್ದರೆ ಅದು ಬಾಕಿ. ಕೊಡದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಕೇಳಬಹುದು.

ಮುಪ್ಪು, ಅಂಗವೈಕಲ್ಯ, ವಾಸಿಯಾಗದ ಕಾಯಿಲೆ ಇವುಗಳಿಂದಾಗಿ ಏಳಲು, ಕೂರಲು, ಸ್ನಾನ ಮಾಡಲು, ಉಣ್ಣಲು ಇನ್ನೊಬ್ಬರ ಕೈಯನ್ನು ಕಾಯುವವರು ಎಲ್ಲ ಸಮಾಜಗಳಲ್ಲೂ ಇದ್ದಾರೆ. ಅವರ ಆರೈಕೆ ಯಾರ ಹೊಣೆ? ಮನೆಯವರದೇ, ಊರಿನವರದೇ, ಸರ್ಕಾರದ್ದೇ? ಬ್ರಿಟನ್ ಈ ಪ್ರಶ್ನೆಯನ್ನು ನಾಲ್ಕು ಶತಮಾನಗಳಿಂದ ಶಾಸನದ ಮೂಲಕ ಬಿಡಿಸಲು ಹೆಣಗುತ್ತ ಬಂದಿದೆ. ‘ಬಹುದು’ ಎಂಬಲ್ಲಿಂದ ‘ತಕ್ಕದ್ದು’ ಎಂಬಲ್ಲಿಗೆ ಅದು ನಡೆದ ದಾರಿ ದೀರ್ಘವಾದದ್ದು. ಅಲ್ಲಿ ತಲುಪಿದ ಮೇಲೂ ತಕರಾರು ಮುಗಿಯಲಿಲ್ಲ ಎಂಬುದು ಈ ಇತಿಹಾಸದ ಪಾಠ.

ಭಯ ಹುಟ್ಟಿಸಲೆಂದೇ ಕಟ್ಟಿದ ಮನೆ

ಕಥೆ ಮೊದಲನೆಯ ಎಲಿಜಬೆತ್ ರಾಣಿಯ ಕಾಲಕ್ಕೆ ಹೋಗುತ್ತದೆ. 1601ರ ‘ಬಡವರ ಕಾನೂನು’ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿಯೊಂದು ಪ್ಯಾರಿಷ್ ಮೇಲೆ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ ಮೇಲೆ, ತನ್ನ ಬಡವರನ್ನು ತಾನೇ ನೋಡಿಕೊಳ್ಳುವ ಹೊಣೆ ಹೊರಿಸಿತು. ಅದಕ್ಕಾಗಿ ಆಸ್ತಿವಂತರಿಂದ ಕಂದಾಯ ಎತ್ತುವ ಅಧಿಕಾರವನ್ನೂ ಕೊಟ್ಟಿತು. ಕುರುಡರು, ಕುಂಟರು, ದುಡಿಯಲಾರದ ಮುದುಕರು ಊರಿನ ಹಣದಿಂದ ಬದುಕುವುದು ಹೀಗೆ ಕಾನೂನುಬದ್ಧವಾಯಿತು. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು. ತಂದೆತಾಯಿಗಳು ಮಕ್ಕಳನ್ನೂ, ಮಕ್ಕಳು ತಂದೆತಾಯಿಗಳನ್ನೂ ಸಾಕಬೇಕು. ಊರಿನ ಕೈ ಅದಾದ ಮೇಲೆ.

ಎರಡು ಶತಮಾನ ಈ ಏರ್ಪಾಡು ಹೇಗೋ ನಡೆಯಿತು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಕಂದಾಯದ ಹೊರೆ ಏರಿ, ತೆರುವವರ ಗೊಣಗಾಟ ಜೋರಾಯಿತು. ಬಡವರಿಗೆ ಮನೆಬಾಗಿಲಲ್ಲೇ ನೆರವು ಸಿಕ್ಕಿದರೆ ಅವರು ಮೈಗಳ್ಳರಾಗುತ್ತಾರೆ ಎಂಬ ವಾದಕ್ಕೆ ಬಲ ಬಂತು. 1834ರಲ್ಲಿ ಹೊಸ ಕಾಯಿದೆ ಬಂತು. ಅದರೊಂದಿಗೆ ದೇಶದ ಉದ್ದಗಲಕ್ಕೂ ‘ವರ್ಕ್‌ಹೌಸ್’ ಎಂಬ ದೊಡ್ಡ ಕಟ್ಟಡಗಳು ಎದ್ದವು. ನೆರವು ಬೇಕೇ? ಅದರೊಳಗೆ ಬನ್ನಿ. ಒಳಗಿನ ಬದುಕು ಹೊರಗಿನ ಕಡುಬಡ ಕೂಲಿಯ ಬದುಕಿಗಿಂತ ಕೀಳಾಗಿರಬೇಕು ಎಂಬುದೇ ಆ ವ್ಯವಸ್ಥೆಯ ತತ್ವ. ಹಾಗಿದ್ದರೆ ಮಾತ್ರ ನಿಜವಾಗಿ ಗತಿಗೆಟ್ಟವರು ಬರುತ್ತಾರೆ ಎಂಬ ಲೆಕ್ಕಾಚಾರ. ಒಳಗೆ ಹೋದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಅರವತ್ತು ದಾಟಿದ ದಂಪತಿಗಳು ಒಂದೇ ಕೋಣೆಯಲ್ಲಿ ಇರಲು ಅವಕಾಶ ಸಿಕ್ಕಿದ್ದು 1847ರಲ್ಲಿ. ಅದಕ್ಕೂ ಮೊದಲು 1832ರಲ್ಲಿ ಬಂದ ಇನ್ನೊಂದು ಕಾಯಿದೆಯಿಂದಾಗಿ, ಅಲ್ಲಿ ಸತ್ತವರ ಹೆಣವನ್ನು ಕೇಳಲು ಯಾರೂ ಬಾರದಿದ್ದರೆ ಅದು ವೈದ್ಯಕೀಯ ಶಾಲೆಯ ಮೇಜಿಗೆ ಹೋಗಬಹುದಾಗಿತ್ತು. ಚಾರ್ಲ್ಸ್ ಡಿಕನ್ಸ್ ‘ಆಲಿವರ್ ಟ್ವಿಸ್ಟ್’ ಕಾದಂಬರಿಯನ್ನು ಬರೆಯತೊಡಗಿದ್ದು 1837ರಲ್ಲಿ, ಈ ಮನೆಗಳ ಗೋಡೆಗಳು ಏಳುತ್ತಿದ್ದ ದಿನಗಳಲ್ಲೇ.

ಮೈಗಳ್ಳರನ್ನು ಹೆದರಿಸಲು ಕಟ್ಟಿದ ಈ ಮನೆಗಳಲ್ಲಿ ಕಾಲಕ್ರಮದಲ್ಲಿ ತುಂಬಿಕೊಂಡವರು ಮುದುಕರು, ರೋಗಿಗಳು, ಬುದ್ಧಿಮಾಂದ್ಯರು, ಅಂಗವಿಕಲರು. ದುಡಿಯಬಲ್ಲವರು ಹೇಗೋ ಹೊರಗೇ ಉಳಿದರು. ಹೋಗಲು ಬೇರೆ ಜಾಗವೇ ಇಲ್ಲದವರು ಒಳಗೆ ಉಳಿದರು. 1909ರ ಜನವರಿಯಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಕೊಡಲು ಆರಂಭವಾದಾಗ ಅನೇಕ ವೃದ್ಧರಿಗೆ ಅದು ಹಣಕ್ಕಿಂತ ಹೆಚ್ಚಿನದಾಗಿ ಕಂಡಿತು. ವರ್ಕ್‌ಹೌಸಿನ ಬಾಗಿಲನ್ನು ತುಳಿಯದೆ ಸಾಯುವ ಭರವಸೆ ಅದು.

ಒಂದೇ ದಿನ ಹುಟ್ಟಿದ ಎರಡು ಕೂಸುಗಳು

ಎರಡನೆಯ ಮಹಾಯುದ್ಧದ ನಡುವೆ, 1942ರ ಡಿಸೆಂಬರಿನಲ್ಲಿ, ಸಾಮಾಜಿಕ ವಿಮೆಯ ಮೇಲೆ ವಿಲಿಯಂ ಬೆವರಿಜ್ ಬರೆದ ವರದಿ ಪ್ರಕಟವಾಯಿತು. ಸರ್ಕಾರಿ ವರದಿಯೊಂದನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತ ಅಪರೂಪದ ಪ್ರಸಂಗ ಅದು. ಬೆವರಿಜ್ ಹುಟ್ಟಿದ್ದು 1879ರಲ್ಲಿ, ಬಂಗಾಳದ ರಂಗಪುರದಲ್ಲಿ. ಅವರ ತಂದೆ ಅಲ್ಲಿ ಐ.ಸಿ.ಎಸ್. ನ್ಯಾಯಾಧೀಶರಾಗಿದ್ದರು, ತಾಯಿ ಆನೆಟ್ ಮುಂದೆ ಬಾಬರನ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರು. ಯುದ್ಧ ಮುಗಿದ ಮೇಲೆ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಆ ವರದಿಯ ಆಧಾರದ ಮೇಲೆ ಕಲ್ಯಾಣ ರಾಜ್ಯದ ಕಟ್ಟಡ ಕಟ್ಟಿತು.

1948ರ ಜುಲೈ 5ರಂದು ಎರಡು ಕಾಯಿದೆಗಳು ಒಟ್ಟಿಗೆ ಜಾರಿಗೆ ಬಂದವು. ಒಂದು ರಾಷ್ಟ್ರೀಯ ಆರೋಗ್ಯ ಸೇವೆಯದು. ಅದು ಜಗತ್ತಿಗೆಲ್ಲ ಗೊತ್ತು. ಇನ್ನೊಂದು ರಾಷ್ಟ್ರೀಯ ನೆರವು ಕಾಯಿದೆ. ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದರ ಮೊದಲ ಕಲಮೇ ಹಳೆಯ ಬಡವರ ಕಾನೂನು ಇನ್ನು ಇಲ್ಲ ಎಂದು ಸಾರಿತು. ಬೆಳೆದ ಮಕ್ಕಳು ತಂದೆತಾಯಿಗಳನ್ನು ಸಾಕಬೇಕೆಂಬ 1601ರ ಕಟ್ಟುಪಾಡನ್ನೂ ಅದು ತೆಗೆದುಹಾಕಿತು. ಗಂಡಹೆಂಡಿರು ಒಬ್ಬರನ್ನೊಬ್ಬರು, ಇಬ್ಬರೂ ಸೇರಿ ಎಳೆಯ ಮಕ್ಕಳನ್ನು ನೋಡಿಕೊಂಡರೆ ಕಾನೂನಿಗೆ ಸಾಕು.

ಆರೋಗ್ಯ ಸಚಿವ ಅನೈರಿನ್ ಬೆವನ್ ವೇಲ್ಸ್‌ನ ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದವರು; ವರ್ಕ್‌ಹೌಸ್ ಏನೆಂಬುದು ಅವರಿಗೆ ಗೊತ್ತಿತ್ತು. ಸ್ಥಿತಿವಂತರು ವಯಸ್ಸಾದ ಮೇಲೆ ಹೋಟೆಲಿನಲ್ಲಿ ಕೋಣೆ ಹಿಡಿದು ಇರುವುದಿಲ್ಲವೇ, ಹಾಗೆಯೇ ಬಡ ವೃದ್ಧರೂ ಇರಲಿ ಎಂಬುದು ಅವರ ಆಸೆ. 26 ಶಿಲಿಂಗ್ ಪಿಂಚಣಿಯಲ್ಲಿ 21 ಶಿಲಿಂಗ್ ಬಾಡಿಗೆ ಕೊಟ್ಟು, ಉಳಿದ ಐದನ್ನು ಕೈಖರ್ಚಿಗೆ ಇಟ್ಟುಕೊಂಡು, ತಲೆಯೆತ್ತಿ ಇರಬೇಕು. ಬಾಡಿಗೆ ಕೊಡುವವನು ಭಿಕ್ಷುಕನಲ್ಲ ಎಂಬುದು ಅದರ ಹಿಂದಿನ ಭಾವನೆ.

ಸದುದ್ದೇಶದ ಈ ಬಾಡಿಗೆಯೇ ಮುಂದೆ ದೊಡ್ಡ ಬಿರುಕಾಯಿತು. ಆಸ್ಪತ್ರೆ ಎಲ್ಲರಿಗೂ ಉಚಿತ. ಆರೈಕೆಗೆ ಮಾತ್ರ ಆದಾಯ, ಆಸ್ತಿ ನೋಡಿ ಹಣ. ಕ್ಯಾನ್ಸರ್ ಬಂದರೆ ದೇಶ ನೋಡಿಕೊಳ್ಳುತ್ತದೆ. ಮರೆವಿನ ಕಾಯಿಲೆ ಬಂದು ಮೂರು ಹೊತ್ತೂ ಒಬ್ಬರು ಪಕ್ಕದಲ್ಲಿರಬೇಕಾದರೆ ನಿಮ್ಮ ಬ್ಯಾಂಕಿನ ಪುಸ್ತಕ ತೋರಿಸಬೇಕು. ಒಂದೇ ದಿನ ಹುಟ್ಟಿದ ಎರಡು ಕೂಸುಗಳಲ್ಲಿ ಒಂದು ರಾಜಕುಮಾರ, ಇನ್ನೊಂದು ಲೆಕ್ಕ ಒಪ್ಪಿಸುವ ಬಡಪಾಯಿ.

ಇನ್ನೊಂದು ಸೂಕ್ಷ್ಮವೂ ಇತ್ತು. ವಯಸ್ಸು, ದೌರ್ಬಲ್ಯದಿಂದ ಆರೈಕೆ ಬೇಕಾದವರಿಗೆ ವಸತಿಗೃಹ ಒದಗಿಸುವುದು ಸ್ಥಳೀಯ ಕೌನ್ಸಿಲಿನ ಕರ್ತವ್ಯ ಎಂದಿತು ಕಾಯಿದೆಯ 21ನೇ ಕಲಮು. ಆದರೆ ಅಂಗವಿಕಲರಿಗೆ ಅವರ ಮನೆಯಲ್ಲೇ ನೆರವಾಗುವ ವಿಷಯಕ್ಕೆ ಬಂದಾಗ 29ನೇ ಕಲಮು ಕೌನ್ಸಿಲಿಗೆ ‘ಅಧಿಕಾರ’ ಮಾತ್ರ ಕೊಟ್ಟಿತು. ಎಂದರೆ, ಮನೆ ಬಿಟ್ಟು ಬಂದರೆ ‘ತಕ್ಕದ್ದು’, ಮನೆಯಲ್ಲೇ ಇರುತ್ತೇನೆಂದರೆ ‘ಬಹುದು’. ಮುದುಕರ ಮನೆಗೆ ಬಿಸಿ ಊಟ ತಲುಪಿಸುವ ಕೆಲಸವನ್ನು ಕೌನ್ಸಿಲುಗಳು ತಾವೇ ಮಾಡುವುದಕ್ಕೂ 1962ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಅಲ್ಲಿಯವರೆಗೆ ಸೇವಾಸಂಸ್ಥೆಗಳಿಗೆ ಹಣ ಕೊಡಬಹುದಿತ್ತು, ಅಷ್ಟೆ.

ಬೆವನ್ನರ ಹೋಟೆಲು ಎಷ್ಟರಮಟ್ಟಿಗೆ ನಿಜವಾಯಿತು? ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡ್, ವೇಲ್ಸ್‌ನ 173 ವೃದ್ಧಾಶ್ರಮಗಳನ್ನು ಕಣ್ಣಾರೆ ಕಂಡು, 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಪುಸ್ತಕ ಪ್ರಕಟಿಸಿದರು. ಕಾನೂನು ಸತ್ತಿದ್ದರೂ ಕಟ್ಟಡ ಸತ್ತಿರಲಿಲ್ಲ. ಹಳೆಯ ವರ್ಕ್‌ಹೌಸುಗಳಿಗೇ ಹೊಸ ಹೆಸರಿನ ಹಲಗೆ ತೂಗಿತ್ತು. ಉದ್ದನೆಯ ಕೊಠಡಿಗಳಲ್ಲಿ ಸಾಲು ಮಂಚಗಳ ನಡುವೆ ತಮ್ಮದೆನ್ನುವ ಒಂದು ಮೂಲೆಯೂ ಇಲ್ಲದೆ ವೃದ್ಧರು ದಿನ ದೂಡುತ್ತಿದ್ದರು.

ಚೀಟಿಯಲ್ಲಿ ಬಂದ ಅವಕಾಶ

‘ಬಹುದು’ ಎಂಬುದನ್ನು ‘ತಕ್ಕದ್ದು’ ಎಂದು ತಿದ್ದಿದ ಮನುಷ್ಯನ ಹೆಸರು ಆಲ್ಫ್ ಮಾರಿಸ್. ಮ್ಯಾಂಚೆಸ್ಟರಿನ ಬಡ ಕುಟುಂಬದಲ್ಲಿ 1928ರಲ್ಲಿ ಹುಟ್ಟಿದವರು. ತಂದೆ ಮೊದಲ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ, ಗಾಯಗೊಂಡು, ಹಿಂತಿರುಗಿದ ಸೈನಿಕ. ಆ ತಂದೆ ನರಳುತ್ತಿದ್ದುದನ್ನು ಕಂಡೇ ಬೆಳೆದ ಹುಡುಗನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. 1964ರಲ್ಲಿ ಮಾರಿಸ್ ಲೇಬರ್ ಪಕ್ಷದಿಂದ ಕಾಮನ್ಸ್ ಸಭೆಗೆ ಆರಿಸಿ ಬಂದರು. 1959ರಿಂದ 1964ರವರೆಗಿನ ಸಂಸತ್ತಿನಲ್ಲಿ ಅಂಗವಿಕಲರ ಬಗ್ಗೆ ಒಂದೇ ಒಂದು ಚರ್ಚೆಯೂ ನಡೆಯಲಿಲ್ಲ ಎಂದು ಅವರು ಮುಂದೆ ಮತ್ತೆಮತ್ತೆ ನೆನಪಿಸುತ್ತಿದ್ದರು. ದೇಶದಲ್ಲಿ ಅಂಗವಿಕಲರು ಎಷ್ಟು ಮಂದಿ ಎಂಬ ಲೆಕ್ಕವೂ ಸರ್ಕಾರದ ಬಳಿ ಇರಲಿಲ್ಲ.

ಹೊರಗೆ ಮಾತ್ರ ಸದ್ದು ಶುರುವಾಗಿತ್ತು. 1965ರಲ್ಲಿ ಮೇಗನ್ ಡು ಬಾಯ್ಸನ್ ಮತ್ತು ಬೆರಿಟ್ ಮೂರ್ ಎಂಬ ಇಬ್ಬರು ಅಂಗವಿಕಲ ಗೃಹಿಣಿಯರು ಪತ್ರಿಕೆಗೆ ಬರೆದ ಒಂದು ಪತ್ರದಿಂದ ಅಂಗವಿಕಲರ ಆದಾಯಕ್ಕಾಗಿ ಹೋರಾಡುವ ಸಂಘಟನೆಯೊಂದು ಹುಟ್ಟಿತು. ಮನೆಗೆಲಸ ಮಾಡುವ ಹೆಂಗಸು ಹಾಸಿಗೆ ಹಿಡಿದರೆ ಆಕೆಗೆ ಸಂಬಳವೂ ಇರಲಿಲ್ಲ, ವಿಮೆಯೂ ಇಲ್ಲ ಎಂಬುದು ಅವರ ದೂರು. ಮೇಗನ್ 1969ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಚಳವಳಿ ಉಳಿಯಿತು.

ಬ್ರಿಟಿಷ್ ಸಂಸತ್ತಿನಲ್ಲಿ ಸಚಿವರಲ್ಲದ ಸದಸ್ಯರು ಮಸೂದೆ ತರಲು ಪ್ರತಿವರ್ಷ ಚೀಟಿ ಎತ್ತುತ್ತಾರೆ. ಮೊದಲ ಕೆಲವು ಹೆಸರುಗಳಿಗೆ ಮಾತ್ರ ಸಮಯ ಸಿಗುತ್ತದೆ. ಇಂಥ ಖಾಸಗಿ ಮಸೂದೆ ಕಾಯಿದೆಯಾಗುವುದು ಎಷ್ಟು ಕಷ್ಟವೆಂಬುದು ನಮಗೂ ಗೊತ್ತು. ನಮ್ಮ ಸಂಸತ್ತಿನಲ್ಲಿ ಕೊನೆಯ ಬಾರಿ ಅದು ಸಾಧ್ಯವಾದದ್ದು 1970ರಲ್ಲಿ. 1969ರ ನವೆಂಬರಿನ ಚೀಟಿಯಲ್ಲಿ ಮೊದಲ ಹೆಸರು ಮಾರಿಸ್ ಅವರದಾಗಿತ್ತು. ಕೈಯಲ್ಲಿ ಸಿದ್ಧ ಮಸೂದೆ ಇರಲಿಲ್ಲ. ಇದ್ದದ್ದು ಕೆಲವೇ ವಾರಗಳ ಕಾಲಾವಕಾಶ. ತಮ್ಮದೇ ಪಕ್ಷದ ಸರ್ಕಾರ ಖರ್ಚಿನ ಭಯದಿಂದ ಉತ್ಸಾಹ ತೋರಲಿಲ್ಲ. ಆದರೂ ಡಿಸೆಂಬರಿನಲ್ಲಿ ‘ದೀರ್ಘರೋಗಿಗಳ ಮತ್ತು ಅಂಗವಿಕಲರ ಮಸೂದೆ’ ಚರ್ಚೆಗೆ ಬಂತು. ಎಲ್ಲ ಪಕ್ಷಗಳವರೂ ಕೈಜೋಡಿಸಿದರು. ಲಾರ್ಡ್ಸ್ ಸಭೆಯಲ್ಲಿ ಮಾತನಾಡಿದವರಲ್ಲಿ ಒಬ್ಬರು ಬ್ಯಾರನೆಸ್ ಮಾಷಮ್. 1958ರಲ್ಲಿ ಕುದುರೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಅವರು ಗಾಲಿಕುರ್ಚಿಯಲ್ಲಿ ಕುಳಿತು ಮಾಡಿದ ಚೊಚ್ಚಲ ಭಾಷಣ ಇದೇ ಮಸೂದೆಯ ಮೇಲೆ.

ಅಷ್ಟರಲ್ಲಿ, 1970ರ ಮೇ 18ರಂದು, ಪ್ರಧಾನಿ ಹೆರಲ್ಡ್ ವಿಲ್ಸನ್ ಚುನಾವಣೆ ಘೋಷಿಸಿಬಿಟ್ಟರು. ಸಂಸತ್ತು ವಿಸರ್ಜನೆಯಾದರೆ ಮುಗಿಯದ ಮಸೂದೆಗಳೆಲ್ಲ ಕಸದ ಬುಟ್ಟಿಗೆ. ಉಳಿದ ಹನ್ನೊಂದು ದಿನಗಳಲ್ಲಿ ಎರಡೂ ಸಭೆಗಳು ಅವಸರವಸರವಾಗಿ ಕೆಲಸ ಮುಗಿಸಿದವು. ಮೇ 29ರಂದು, ಸಂಸತ್ತು ವಿಸರ್ಜನೆಯಾದ ದಿನವೇ, ಮಸೂದೆಗೆ ರಾಣಿಯ ಅಂಕಿತ ಬಿತ್ತು. ಪ್ರತಿ ಕೌನ್ಸಿಲಿನಲ್ಲೂ ಸಮಾಜ ಸೇವಾ ಇಲಾಖೆಯೊಂದನ್ನು ಸ್ಥಾಪಿಸುವ ಇನ್ನೊಂದು ಮುಖ್ಯ ಕಾಯಿದೆಗೂ ಅದೇ ದಿನ ಅಂಕಿತವಾಯಿತು. ಚುನಾವಣೆಯಲ್ಲಿ ಲೇಬರ್ ಸೋತಿತು; ಕಾಯಿದೆ ಗೆದ್ದಿತ್ತು.

ಅದರಲ್ಲಿ ಏನಿತ್ತು? ಮೊದಲ ಕಲಮು, ನಿಮ್ಮ ಪ್ರದೇಶದಲ್ಲಿ ಅಂಗವಿಕಲರು ಎಷ್ಟಿದ್ದಾರೆಂದು ಹುಡುಕಿ ಎಂದು ಕೌನ್ಸಿಲುಗಳಿಗೆ ಹೇಳಿತು. ಎರಡನೆಯದು ಈ ಕಾಯಿದೆಯ ಜೀವ. ಒಬ್ಬ ವ್ಯಕ್ತಿಯ ಅಗತ್ಯವನ್ನು ಪೂರೈಸಲು ನೆರವು ಬೇಕೆಂದು ಕೌನ್ಸಿಲಿಗೆ ಮನವರಿಕೆಯಾದರೆ, ಅದನ್ನು ಒದಗಿಸುವುದು ಅದರ ಕರ್ತವ್ಯ. ಮನೆಗೆಲಸಕ್ಕೆ ಸಹಾಯ, ಊಟ, ಓಡಾಟ, ಮನೆಯ ಬಾಗಿಲು-ಬಚ್ಚಲುಗಳ ಮಾರ್ಪಾಡು, ರೇಡಿಯೋ, ಟೆಲಿವಿಷನ್, ಗ್ರಂಥಾಲಯದ ಪುಸ್ತಕ, ರಜೆಯ ಪ್ರವಾಸ, ಟೆಲಿಫೋನ್ ಎಲ್ಲವೂ ಪಟ್ಟಿಯಲ್ಲಿದ್ದವು. 1970ರಲ್ಲಿ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಟೆಲಿಫೋನ್ ಇರಲಿಲ್ಲ. ಆದರೆ ಒಬ್ಬಂಟಿಯಾಗಿ ಮಲಗಿದವರಿಗೆ ಅದು ಭೋಗದ ವಸ್ತುವಲ್ಲ, ಬಿದ್ದಾಗ ಯಾರನ್ನಾದರೂ ಕೂಗುವ ದನಿ. ಸಾರ್ವಜನಿಕ ಕಟ್ಟಡಗಳಿಗೆ, ಶೌಚಾಲಯಗಳಿಗೆ ಅಂಗವಿಕಲರು ಹೋಗುವಂತಿರಬೇಕು ಎಂದೂ ಕಾಯಿದೆ ಹೇಳಿತು. ಅಂಗವಿಕಲರ ಕಾರಿಗೆ ಅಂಟಿಸುವ ಬಿಲ್ಲೆ ಹುಟ್ಟಿದ್ದು ಇದರಿಂದಲೇ; ಆಗ ಕಿತ್ತಳೆ ಬಣ್ಣದ್ದು, 2000ದಿಂದ ನೀಲಿ.

ಮರುವರ್ಷ, 1971ರಲ್ಲಿ, ಸರ್ಕಾರದ ಸಮೀಕ್ಷೆಯ ಲೆಕ್ಕ ಬಂತು. ಯಾವುದಾದರೊಂದು ಊನದಿಂದ ಬಳಲುವ ವಯಸ್ಕರು ಮೂವತ್ತು ಲಕ್ಷ. ಇಲ್ಲವೆಂದುಕೊಂಡವರು ಇಷ್ಟು ಜನ ಇದ್ದರು. 1974ರಲ್ಲಿ ವಿಲ್ಸನ್ ಮತ್ತೆ ಪ್ರಧಾನಿಯಾದಾಗ ಮಾರಿಸ್ ಅಂಗವಿಕಲರ ಸಚಿವರಾದರು. ಅಂಥ ಖಾತೆ ಜಗತ್ತಿನಲ್ಲೇ ಮೊದಲನೆಯದು.

ನೋಡಿಕೊಳ್ಳುವವರನ್ನು ನೋಡುವವರಾರು?

ಕಾಯಿದೆ ಬಂದ ಮೇಲೆ ಎರಡು ಕಡೆಯಿಂದ ಹೊಸ ಪ್ರಶ್ನೆಗಳು ಎದ್ದವು. ಒಂದು, ಆರೈಕೆ ಪಡೆಯುವವರದೇ. ಪಾಲ್ ಹಂಟ್ ಎಂಬ ಅಂಗವಿಕಲ ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ಚೆಷೈರ್ ಹೋಮಿನಲ್ಲಿ ವರ್ಷಗಟ್ಟಲೆ ಇದ್ದವರು. ಅದು ವಾಯುಪಡೆಯ ವೀರ ಲೆನಾರ್ಡ್ ಚೆಷೈರ್ ಯುದ್ಧಾನಂತರ ಆರಂಭಿಸಿದ ಸೇವಾಗೃಹಗಳ ಸರಣಿಯಲ್ಲಿ ಮೊದಲನೆಯದು. ಆ ಸರಣಿಯ ಒಂದು ಮನೆ ನಮ್ಮ ಬೆಂಗಳೂರಿನಲ್ಲೂ ಇದೆ. 1972ರಲ್ಲಿ ಹಂಟ್ ಪತ್ರಿಕೆಗೆ ಬರೆದ ಕಾಗದದಿಂದ ಅಂಗವಿಕಲರದೇ ಆದ ಒಂದು ಸಂಘ ಹುಟ್ಟಿತು. ನಮಗೆ ಬೇಕಾದದ್ದು ಕರುಣೆಯ ಆಶ್ರಮವಲ್ಲ, ನಮ್ಮ ಬದುಕನ್ನು ನಾವೇ ನಡೆಸುವ ಅವಕಾಶ; ಮೆಟ್ಟಿಲೇ ಅಡ್ಡಿ ಹೊರತು ನಮ್ಮ ಕಾಲಲ್ಲ ಎಂಬುದು ಅವರ ನಿಲುವಾಗಿತ್ತು. ಸಹಾಯಕರನ್ನು ತಾವೇ ನೇಮಿಸಿಕೊಳ್ಳಲು ಕೌನ್ಸಿಲಿನಿಂದ ನೇರವಾಗಿ ಹಣ ಪಡೆಯುವ ಕಾನೂನು 1996ರಲ್ಲಿ ಬರುವ ತನಕ ಆ ಹೋರಾಟ ನಡೆಯಿತು.

ಇನ್ನೊಂದು, ಆರೈಕೆ ಮಾಡುವವರ ಪ್ರಶ್ನೆ. 1976ರಲ್ಲಿ, ಮನೆಯ ರೋಗಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರಿಗೆಂದು ಒಂದು ಭತ್ಯೆ ಆರಂಭವಾಯಿತು. ಆದರೆ ಮದುವೆಯಾದ ಹೆಂಗಸಿಗೆ ಅದು ಇಲ್ಲ. ಆಕೆ ಹೇಗೂ ಮನೆಯಲ್ಲೇ ಇರುವವಳಲ್ಲವೇ ಎಂಬುದು ಅದರ ಹಿಂದಿನ ಎಣಿಕೆ. ತಾಯಿಯ ಆರೈಕೆಗಾಗಿ ಕೆಲಸ ಬಿಟ್ಟ ಒಬ್ಬ ವಿವಾಹಿತೆ ಇದನ್ನು ಯುರೋಪಿನ ನ್ಯಾಯಾಲಯದವರೆಗೆ ಒಯ್ದರು. 1986ರಲ್ಲಿ ಅಲ್ಲಿ ಗೆದ್ದರು. ಮನೆಯ ಸೊಸೆ, ಮಗಳು ಮಾಡುವ ಸೇವೆಗೆ ಬೆಲೆಯಿಲ್ಲ ಎಂದುಕೊಳ್ಳುವುದು ನಮ್ಮಲ್ಲಿ ಮಾತ್ರ ಎಂದು ಯಾರೂ ಭಾವಿಸಬೇಕಾಗಿಲ್ಲ.

ಅಗತ್ಯಕ್ಕೆ ಅಳತೆ ಯಾವುದು?

‘ತಕ್ಕದ್ದು’ ಎಂದು ಬರೆದಾಯಿತು. ಹಣ ಎಲ್ಲಿಂದ? 1980ರ ದಶಕದಲ್ಲಿ ಖಾಸಗಿ ವೃದ್ಧಾಶ್ರಮ ಸೇರುವ ಬಡವರ ಖರ್ಚನ್ನು ಕೇಂದ್ರದ ಸಾಮಾಜಿಕ ಭದ್ರತಾ ನಿಧಿ ಕೊಡುತ್ತಿತ್ತು. 1979ರಲ್ಲಿ ಸುಮಾರು ಒಂದು ಕೋಟಿ ಪೌಂಡ್ ಇದ್ದ ಈ ವೆಚ್ಚ ದಶಕದ ಕೊನೆಗೆ ನೂರು ಕೋಟಿ ಪೌಂಡ್ ಮುಟ್ಟಿತು. ಗಾಬರಿಯಾದ ಥ್ಯಾಚರ್ ಸರ್ಕಾರ 1990ರಲ್ಲಿ ಹೊಸ ಕಾಯಿದೆ ತಂದು, 1993ರ ಏಪ್ರಿಲ್‌ನಿಂದ ಹೊಣೆಯನ್ನೆಲ್ಲ ಕೌನ್ಸಿಲುಗಳಿಗೆ ವಹಿಸಿತು. ಕೌನ್ಸಿಲ್ ಮೊದಲು ಪ್ರತಿಯೊಬ್ಬರ ಅಗತ್ಯವನ್ನು ಅಳೆಯಬೇಕು, ಆಮೇಲೆ ಏನು ಕೊಡಬೇಕೆಂದು ತೀರ್ಮಾನಿಸಬೇಕು. ಹೊಣೆ ಬಂತು; ಜೊತೆಗೆ ಬಂದ ಹಣಕ್ಕೆ ಮಿತಿ ಇತ್ತು.

ಮುಂದಿನ ವರ್ಷವೇ ಗ್ಲಾಸ್ಟರ್‌ಷೈರ್ ಕೌನ್ಸಿಲ್ ತನ್ನ ಪ್ರದೇಶದ ವೃದ್ಧರಿಗೆ, ಅಂಗವಿಕಲರಿಗೆ ಪತ್ರ ಬರೆಯಿತು. ಕೇಂದ್ರದಿಂದ ನಿರೀಕ್ಷಿಸಿದ್ದಕ್ಕಿಂತ 25 ಲಕ್ಷ ಪೌಂಡ್ ಕಡಿಮೆ ಬಂದಿದೆ. ಇನ್ನು ಬಟ್ಟೆ ಒಗೆಯಲು, ಮನೆ ಗುಡಿಸಲು ಜನ ಬರುವುದಿಲ್ಲ. ಪತ್ರ ಪಡೆದವರಲ್ಲಿ ಒಬ್ಬರು ಒಂಟಿಯಾಗಿದ್ದ ವೃದ್ಧರು. ಪಾರ್ಶ್ವವಾಯು, ಹೃದಯದ ತೊಂದರೆ, ಮುರಿದ ಸೊಂಟ, ಮಂದ ದೃಷ್ಟಿ. ಅವರು ಕೇಳಿದ್ದು ಸರಳ ಪ್ರಶ್ನೆ. ನಿನ್ನೆಯವರೆಗೆ ನನಗೆ ಅಗತ್ಯವಾಗಿದ್ದದ್ದು, ನನ್ನ ಮೈಯಲ್ಲಿ ಯಾವ ಬದಲಾವಣೆಯೂ ಆಗದೆ, ಕೌನ್ಸಿಲಿನ ಪೆಟ್ಟಿಗೆ ಬರಿದಾದ ಮಾತ್ರಕ್ಕೆ ಇಂದು ಅಗತ್ಯವಲ್ಲದ್ದು ಹೇಗಾಯಿತು?

ಮೇಲ್ಮನವಿ ನ್ಯಾಯಾಲಯದಲ್ಲಿ ಅವರು ಗೆದ್ದರು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯಲ್ಲಿ, 1997ರ ಮಾರ್ಚಿನಲ್ಲಿ, ಮೂವರು ನ್ಯಾಯಮೂರ್ತಿಗಳು ಅವರ ವಿರುದ್ಧ, ಇಬ್ಬರು ಪರ. ಅಗತ್ಯವೆಂಬುದು ಗಾಳಿಯಲ್ಲಿ ನಿಂತ ವಸ್ತುವಲ್ಲ. ಯಾವುದನ್ನು ಅಗತ್ಯವೆನ್ನಬೇಕೆಂದು ತೀರ್ಮಾನಿಸುವಾಗ ಕೌನ್ಸಿಲ್ ತನ್ನ ಹಣದ ಸ್ಥಿತಿಯನ್ನೂ ಗಮನಿಸಬಹುದು ಎಂದಿತು ಬಹುಮತ. ‘ತಕ್ಕದ್ದು’ ಹಾಗೆಯೇ ಉಳಿಯಿತು. ಆದರೆ ಅದರ ಹಿಂದಿದ್ದ ‘ಅಗತ್ಯ’ ಎಂಬ ಪದದ ಕಿಂಡಿಯಲ್ಲಿ ‘ಬಹುದು’ ಮತ್ತೆ ಒಳಗೆ ಬಂತು.

2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಇನ್ನೊಂದು ಮೊಕದ್ದಮೆ ಓದಿದವರ ಮನಸ್ಸು ಕಲಕಿತು. ಒಂದು ಕಾಲದಲ್ಲಿ ಬ್ಯಾಲೆ ನರ್ತಕಿಯಾಗಿದ್ದ ವೃದ್ಧೆಗೆ ರಾತ್ರಿ ಎರಡು ಮೂರು ಬಾರಿ ಶೌಚಕ್ಕೆ ಹೋಗಲು ಸಹಾಯ ಬೇಕಿತ್ತು. ಆಕೆಗೆ ಮೂತ್ರದ ಮೇಲೆ ಹಿಡಿತ ತಪ್ಪಿರಲಿಲ್ಲ. ಆದರೂ ರಾತ್ರಿಯ ಸಹಾಯಕಿಯ ಬದಲು ಮೈಗೆ ಕಟ್ಟುವ ಪ್ಯಾಡು ಕೊಟ್ಟರೆ ಸಾಕು, ಹಣ ಉಳಿಯುತ್ತದೆ ಎಂದಿತು ಕೌನ್ಸಿಲ್. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು. ಭಿನ್ನಮತ ಬರೆದವರು ಲೇಡಿ ಹೇಲ್ ಒಬ್ಬರೇ. ಇದೇ ತರ್ಕವನ್ನು ಹಿಡಿದರೆ ಹಗಲಿನಲ್ಲೂ ಹೀಗೆಯೇ ಬಿಡಬಹುದಲ್ಲ, ಹಗಲಿಗೂ ರಾತ್ರಿಗೂ ವ್ಯತ್ಯಾಸವೇನು ಎಂಬುದು ಅವರ ಪ್ರಶ್ನೆ. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಂದು ವರ್ಷದ ಅವಧಿಯ ಮಟ್ಟಿಗೆ ಮಾತ್ರ ಆಕೆಯ ಪರ ನಿಂತು, ಸಾವಿರ ಯೂರೋ ಪರಿಹಾರ ಕೊಡಿಸಿತು.

ಬಂದೂ ಬಾರದ ಮಿತಿ

ಅರವತ್ತು ವರ್ಷಗಳಲ್ಲಿ ತೇಪೆಯ ಮೇಲೆ ತೇಪೆ ಹಾಕಿದ ಈ ಕಾನೂನುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿಯಿರಿ ಎಂದು ಕಾನೂನು ಆಯೋಗ 2011ರಲ್ಲಿ ಸಲಹೆ ಮಾಡಿತು. ಅದರ ಫಲ 2014ರ ಆರೈಕೆ ಕಾಯಿದೆ. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1948ರ ಮುಖ್ಯ ಕಲಮುಗಳೂ ಮಾರಿಸರ ಎರಡನೇ ಕಲಮೂ ಇಂಗ್ಲೆಂಡಿನ ವಯಸ್ಕರ ಮಟ್ಟಿಗೆ ಅದರಲ್ಲಿ ಕರಗಿದವು. ವ್ಯಕ್ತಿಯ ಕ್ಷೇಮವೇ ಕೌನ್ಸಿಲಿನ ಗುರಿ ಎಂದು ಮೊದಲ ಕಲಮು ಹೇಳುತ್ತದೆ. ಯಾರಿಗೆ ನೆರವು ಸಲ್ಲಬೇಕೆಂಬುದಕ್ಕೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಬಂತು. ಊರೂರಿಗೆ ಒಂದೊಂದು ಅಳತೆ ಹೋಯಿತು. ಮನೆಯಲ್ಲಿ ಆರೈಕೆ ಮಾಡುವ ಬಂಧುಗಳಿಗೂ ರೋಗಿಗಳಷ್ಟೇ ಹಕ್ಕು ದೊರೆಯಿತು. 2012ರಲ್ಲಿ ತೀರಿಕೊಂಡ ಮಾರಿಸ್ ಇದನ್ನು ನೋಡಲಿಲ್ಲ.

ಆದರೆ 1948ರ ಬಿರುಕು ಹಾಗೆಯೇ ಇದೆ. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದವರು ಆರೈಕೆಯ ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ಈ ಗೆರೆಯನ್ನು 2010ರಿಂದ ಕದಲಿಸಿಲ್ಲ. ಆಶ್ರಮ ಸೇರಿದ ಒಂಟಿ ವೃದ್ಧರ ಮನೆಯ ಬೆಲೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಜೀವಮಾನವೆಲ್ಲ ದುಡಿದು ಕಟ್ಟಿದ ಮನೆಯನ್ನು ಕೊನೆಗಾಲದಲ್ಲಿ ಮಾರಬೇಕಾದ ಸಂಕಟ ಅಲ್ಲಿನ ಸಾವಿರಾರು ಕುಟುಂಬಗಳದು. ಸ್ಕಾಟ್ಲೆಂಡ್ ಮಾತ್ರ 2002ರಿಂದ ವೃದ್ಧರ ಮೈಗೆ ಸಂಬಂಧಿಸಿದ ಆರೈಕೆಯನ್ನು ಉಚಿತ ಮಾಡಿತು.

ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಡಿಲ್ನಾಟ್ 2011ರಲ್ಲಿ ಒಂದು ಉಪಾಯ ಸೂಚಿಸಿದ್ದರು. ಒಬ್ಬ ವ್ಯಕ್ತಿ ಜೀವಮಾನದಲ್ಲಿ ಆರೈಕೆಗೆ ತೆರಬೇಕಾದ ಮೊತ್ತಕ್ಕೆ ಸುಮಾರು 35,000 ಪೌಂಡಿನ ಮಿತಿ ಹಾಕಿ. ಅದರಾಚೆಯದನ್ನು ಸರ್ಕಾರ ಕೊಡಲಿ. ಮಿತಿ ಹಾಕುವ ಅಧಿಕಾರವನ್ನು 2014ರ ಕಾಯಿದೆಯಲ್ಲೇ ಬರೆದರು. ಅದು 72,000 ಪೌಂಡಾಗಿ 2016ಕ್ಕೆ ಬರಬೇಕಿತ್ತು, 2020ಕ್ಕೆ ಹೋಯಿತು, ಆಮೇಲೆ ಕೈಬಿಟ್ಟರು. 2021ರಲ್ಲಿ 86,000 ಪೌಂಡಾಗಿ ಮರಳಿತು. 2023ಕ್ಕೆಂದದ್ದು 2025ಕ್ಕೆ ಸರಿಯಿತು. 2024ರ ಜುಲೈನಲ್ಲಿ ಹೊಸ ಲೇಬರ್ ಸರ್ಕಾರ ರದ್ದು ಮಾಡಿತು. ಮರುವರ್ಷದ ಜನವರಿಯಲ್ಲಿ ಇನ್ನೊಂದು ಆಯೋಗ ಘೋಷಣೆಯಾಯಿತು. ಅದರ ಅಂತಿಮ ವರದಿಗೆ ಕೊಟ್ಟ ಗಡುವು 2028. ಶಾಸನದ ಪುಸ್ತಕದಲ್ಲಿ ಬರೆದಿಟ್ಟ ಕಲಮು ಹಣದ ಸಚಿವಾಲಯದ ಹೊಸ್ತಿಲಲ್ಲಿ ಹತ್ತು ವರ್ಷ ಕಾದು ಹಿಂತಿರುಗಿತು.

ನಮ್ಮ ಪುಸ್ತಕದಲ್ಲಿ

ಈ ಕಥೆಯನ್ನು ಓದಿ ನಮ್ಮ ಶಾಸನಗಳ ಕಡೆ ತಿರುಗಿದರೆ ಅದೇ ಎರಡು ಪದಗಳು ಅಲ್ಲೂ ಕಾಣಸಿಗುತ್ತವೆ. ಸಂವಿಧಾನದ 41ನೇ ವಿಧಿ ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿನ ಮಾತನ್ನು ಆಡುತ್ತದೆ. ಆದರೆ ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತು ಅದಕ್ಕೇ ಅಂಟಿಕೊಂಡಿದೆ. ಅದೂ ನಿರ್ದೇಶಕ ತತ್ವವಾದ್ದರಿಂದ ಕೋರ್ಟಿಗೆ ಹೋಗಿ ಕೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸಾಮಾಜಿಕ ಭದ್ರತೆಯ ಯೋಜನೆಗಳನ್ನು ಸರ್ಕಾರ ರೂಪಿಸತಕ್ಕದ್ದು ಎಂದಿದೆ. ಅಲ್ಲೂ ಅದೇ ಮಿತಿಯ ಮಾತಿದೆ. ಬ್ರಿಟನ್ನಿನ ನ್ಯಾಯಾಧೀಶರು ಮೂವರಿಗೆ ಇಬ್ಬರಂತೆ ಒಡೆದು, ಕಷ್ಟಪಟ್ಟು ಕಾನೂನಿನೊಳಗೆ ಕಂಡ ಮಿತಿಯನ್ನು ನಾವು ಮೊದಲೇ ಬರೆದಿಟ್ಟಿದ್ದೇವೆ.

2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪಾಲನೆ ಕಾಯಿದೆ ಇನ್ನೂ ಸ್ಪಷ್ಟ. ಮಕ್ಕಳ ಮೇಲಿನ ಹೊಣೆ ಅಲ್ಲಿ ಕಡ್ಡಾಯ. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸುವ ನ್ಯಾಯಮಂಡಳಿಗೆ ದೂರು ಕೊಡಬಹುದು. ಬ್ರಿಟನ್ 1948ರಲ್ಲಿ ಕೈಬಿಟ್ಟ ಕಟ್ಟುಪಾಡನ್ನು ನಾವು ಆರು ದಶಕಗಳ ನಂತರ ಶಾಸನದಲ್ಲಿ ಬಿಗಿಗೊಳಿಸಿದೆವು. ಇದು ತಪ್ಪೆಂದಲ್ಲ, ನಮ್ಮ ಕುಟುಂಬದ ರೀತಿ ಬೇರೆ. ಆದರೆ ಅದೇ ಕಾಯಿದೆಯ 19ನೇ ಕಲಮು ದಿಕ್ಕಿಲ್ಲದ ವೃದ್ಧರಿಗೆ ಜಿಲ್ಲೆಗೊಂದಾದರೂ, ಕನಿಷ್ಠ 150 ಜನ ಇರಬಹುದಾದ ಆಶ್ರಮವನ್ನು ಕಟ್ಟುವ ವಿಷಯಕ್ಕೆ ಬಂದಾಗ ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’ ಎನ್ನುತ್ತದೆ. ಮಕ್ಕಳಿಗೆ ‘ತಕ್ಕದ್ದು’, ಸರ್ಕಾರಕ್ಕೆ ‘ಬಹುದು’. ಮಕ್ಕಳೇ ಇಲ್ಲದವರು, ಮಕ್ಕಳೇ ಕಡುಬಡವರಾದವರು ಈ ಎರಡು ಪದಗಳ ನಡುವಿನ ಕಂದಕದಲ್ಲಿ ಬೀಳುತ್ತಾರೆ.

ಬ್ರಿಟನ್ನಿನ ಅನುಭವ ನಮಗೆ ಹೇಳುವುದು ಇಷ್ಟು. ಕ್ರಿಯಾಪದವನ್ನು ಬದಲಿಸಿದ ಮಾತ್ರಕ್ಕೆ ಹಾಸಿಗೆ ಹಿಡಿದವರ ಬಳಿಗೆ ಬಿಸಿನೀರು ಬರುವುದಿಲ್ಲ. ಅದಕ್ಕೆ ಹಣ ಬೇಕು, ತಂದುಕೊಡುವ ಕೈ ಬೇಕು. ಆದರೆ ಕ್ರಿಯಾಪದ ಬದಲಾಗದಿದ್ದರೆ, ಬಿಸಿನೀರು ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕೂ ಇರುವುದಿಲ್ಲ. ಗ್ಲಾಸ್ಟರ್‌ಷೈರಿನ ಆ ವೃದ್ಧರು ಮೊಕದ್ದಮೆ ಸೋತರು ನಿಜ. ಒಂಟಿ ಮುದುಕನೊಬ್ಬನ ಬಟ್ಟೆ ಒಗೆಯುವವರು ಯಾರು ಎಂಬ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಪೀಠದ ಐವರು ಕುಳಿತು ವಿಚಾರಿಸುವಂತೆ ಮಾಡಿದ್ದು, 1970ರ ಮೇ ತಿಂಗಳ ಆ ಹನ್ನೊಂದು ದಿನಗಳಲ್ಲಿ ಉಳಿದುಕೊಂಡ ಒಂದು ಪದ.